ಮುಪ್ಪಿನ ಕಣ್ಣೂ ರೆಪ್ಪೆಯ ತೈಲವೂ

ನಮ್ಮ ಹುಲಸೂರಿನಲ್ಲಿ ಅರುವತ್ತು ದಾಟಿದ ನಾಲ್ವರು ಕಟ್ಟೆಯ ಮೇಲೆ ಕುಳಿತರೆ, ಅವರಲ್ಲಿ ಒಬ್ಬಿಬ್ಬರಾದರೂ ಹೆಗಲವಸ್ತ್ರದ ತುದಿಯಿಂದ ಕಣ್ಣೊರಸಿಕೊಳ್ಳುತ್ತಿರುವುದನ್ನು ನಾವು ಕಾಣುತ್ತೇವೆ. ಕಾರಣ ಕೇಳಿದರೆ, “ವಯಸ್ಸಾಯ್ತಲ್ಲರೀ ಮಾಸ್ತರ, ಪೊರಿ ಬಂದಿರಬೇಕು” ಎಂಬ ಉತ್ತರವು ಸಿದ್ಧವಾಗಿರುತ್ತದೆ.

ಪೊರೆ ಬೇರೆ, ಈ ಬಾಧೆ ಬೇರೆ. ಪೊರೆಯೆಂದರೆ ಕಣ್ಣಿನೊಳಗಿನ ಮಸೂರವು ಮಬ್ಬಾಗುವುದು. ಅದರಿಂದ ದೃಷ್ಟಿ ಕುಂದೀತೇ ಹೊರತು ಸಾಮಾನ್ಯವಾಗಿ ಕಣ್ಣುರಿಯದು. ಉರಿ, ನವೆ, ಮರಳು ಬಿದ್ದಂತಹ ಚುಚ್ಚುವಿಕೆ, ಬೆಳಿಗ್ಗೆ ಗೀಜಿನಿಂದ ಎವೆಗಳು ಅಂಟಿಕೊಳ್ಳುವುದು, ಓದುವಾಗ ಮಸುಕಾದ ಅಕ್ಷರಗಳು ಕಣ್ಣು ಮಿಟುಕಿಸಿದೊಡನೆ ತಿಳಿಯಾಗುವುದು, ಇವುಗಳ ಮೂಲವು ಅನೇಕವೇಳೆ ರೆಪ್ಪೆಯಂಚಿನ ತೈಲಗ್ರಂಥಿಗಳಲ್ಲಿರುತ್ತದೆ.

ಈ ಗ್ರಂಥಿಗಳು ಮೇಲಿನ ರೆಪ್ಪೆಯಲ್ಲಿ ೨೫ರಿಂದ ೪೦, ಕೆಳಗಿನದರಲ್ಲಿ ೨೦ರಿಂದ ೩೦ ಸಾಲಾಗಿ ಹುದುಗಿರುತ್ತವೆ. ೧೬೬೬ರಲ್ಲಿ ಇವುಗಳನ್ನು ವರ್ಣಿಸಿದ ಜರ್ಮನಿಯ ವೈದ್ಯ ಮೈಬೋಮನ ಹೆಸರೇ ಇವುಗಳಿಗೆ ನಿಂತಿದೆ. ಉಪ್ಪಿನಕಾಯಿಯ ಭರಣಿಯಲ್ಲಿ ಮೇಲೆ ನಿಂತ ಎಣ್ಣೆಯು ಕೆಳಗಿನ ರಸವನ್ನು ಕಾಯುವಂತೆ, ಈ ತೈಲವು ಕಣ್ಣೀರಿನ ಮೇಲೆ ತೆಳುವಾಗಿ ಹರಡಿ ಅದು ಆರಿಹೋಗದಂತೆ ತಡೆಯುತ್ತದೆ. ಮುಪ್ಪಿನಲ್ಲಿ ಗ್ರಂಥಿಗಳು ಕುಗ್ಗುತ್ತವೆ. ತೈಲವು ಚಳಿಗಾಲದ ತುಪ್ಪದಂತೆ ಗಟ್ಟಿಯಾಗಿ ಬಾಯಿಯಲ್ಲೇ ಕಟ್ಟಿಕೊಳ್ಳುತ್ತದೆ. ಆಗ ಕಣ್ಣೊಣಗಿ ಕೆರಳುತ್ತದೆ. ಕೆರಳಿದ ಕಣ್ಣು ಧಾರೆಯಾಗಿ ನೀರು ಸುರಿಸುತ್ತದೆ. ಒಣಗಿದ್ದರಿಂದಲೇ ಒದ್ದೆಯಾಗುವುದು! ಅಲಂಕಾರಶಾಸ್ತ್ರದಲ್ಲಿ ವಿರೋಧಾಭಾಸಕ್ಕೆ ಉದಾಹರಣೆ ಹುಡುಕುವ ವಿದ್ಯಾರ್ಥಿಗಳಿಗೆ ನಾವು ಇದನ್ನೇ ಕೊಡಬಹುದಿತ್ತು.

ಇದು ವಿರಳವಾದ ರೋಗವಲ್ಲ. ಜಪಾನಿನಲ್ಲಿಯೂ ತೈವಾನಿನಲ್ಲಿಯೂ ವೃದ್ಧರನ್ನು ಪರೀಕ್ಷಿಸಿದಾಗ ನೂರರಲ್ಲಿ ಸುಮಾರು ೬೦ ಮಂದಿಯಲ್ಲಿ ಇದರ ಚಿಹ್ನೆಗಳು ಕಂಡವು. ಅವರೆಲ್ಲರಿಗೂ ಬಾಧೆಯಿರಲಿಲ್ಲವೆಂಬುದು ನಿಜ. ನಮ್ಮ ಸೀಮೆಯ ಬೇಸಗೆಯ ಒಣಗಾಳಿಯೂ ತೊಗರಿಯ ರಾಶಿಯ ಧೂಳೂ ಇಂತಹ ಕಣ್ಣುಗಳನ್ನು ಇನ್ನಷ್ಟು ನೋಯಿಸುತ್ತವೆ. ಪೂರ್ವಿಕರಿಗೂ ರೆಪ್ಪೆಯ ವ್ಯಾಧಿಗಳು ಅಪರಿಚಿತವಾಗಿರಲಿಲ್ಲ. ಸುಶ್ರುತನು ಎಣಿಸಿದ ೭೬ ನೇತ್ರರೋಗಗಳಲ್ಲಿ ೨೧ ವರ್ತ್ಮಕ್ಕೆ, ಎಂದರೆ ರೆಪ್ಪೆಗೆ, ಸೇರಿದವು.

ಉಪಚಾರವು ಮನೆಯಲ್ಲಿಯೇ ಇದೆ. ಶುಭ್ರವಾದ ಬಟ್ಟೆಯನ್ನು ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಶಾಖವನ್ನು ಮುಂಗೈ ಮೇಲೆ ನೋಡಿಕೊಂಡು, ಮುಚ್ಚಿದ ಕಣ್ಣುಗಳ ಮೇಲೆ ಐದರಿಂದ ಹತ್ತು ನಿಮಿಷ ಇಡಬೇಕು. ಆರಿದಂತೆ ಮತ್ತೆ ಅದ್ದಬೇಕು. ಬಳಿಕ ಮೇಲಿನ ರೆಪ್ಪೆಯನ್ನು ಕೆಳಮುಖವಾಗಿಯೂ ಕೆಳಗಿನದನ್ನು ಮೇಲ್ಮುಖವಾಗಿಯೂ ಮೆಲ್ಲನೆ ನೀವಿ, ಅಂಚನ್ನು ಒರಸಬೇಕು. ದಿನಕ್ಕೆರಡು ಸಲ, ಕೆಲವು ವಾರಗಳವರೆಗೆ ಬಿಡದೆ ಮಾಡಿದರೆ ಗುಣ ಕಾಣುವುದು. ಮೂರು ದಿನ ಮಾಡಿ ಕೈಬಿಟ್ಟು “ಏನೂ ಆಗಲಿಲ್ಲ” ಎನ್ನುವವರಿಗೆ ನಾವು ಏನು ಹೇಳೋಣ?

ಹರಳೆಣ್ಣೆ, ಎದೆಹಾಲು ಇತ್ಯಾದಿಗಳನ್ನು ಕಣ್ಣಿಗೆ ಹಾಕಲಾಗದು. ಅದಕ್ಕಿಂತ ಭಯಂಕರವಾದುದು ವೈದ್ಯರನ್ನು ಕೇಳದೆ ಔಷಧದ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಬಿಡುವ ಸ್ಟೀರಾಯ್ಡ್ ಹನಿ. ಅದು ಕೆಂಪನ್ನೂ ಉರಿಯನ್ನೂ ಒಡನೆ ಇಳಿಸುತ್ತದೆ. ಆದಕಾರಣವೇ ಜನರು ಅದನ್ನು ಮೆಚ್ಚುತ್ತಾರೆ. ಆದರೆ ಕೆಲವರಲ್ಲಿ ಕಣ್ಣಿನೊಳಗಿನ ಒತ್ತಡವನ್ನು ಸದ್ದಿಲ್ಲದೆ ಏರಿಸಿ ದೃಷ್ಟಿಯ ನರವನ್ನು ಕೆಡಿಸುತ್ತದೆ. ಹಾಗೆ ಹೋದ ದೃಷ್ಟಿಯು ಯಾವ ಶಸ್ತ್ರಚಿಕಿತ್ಸೆಯಿಂದಲೂ ಮರಳಿ ಬಾರದು.

ನೋವು ಹೆಚ್ಚಿದರೆ, ದೃಷ್ಟಿ ಇಳಿದರೆ, ಇಲ್ಲವೆ ರೆಪ್ಪೆಯ ಗಂಟು ಒಂದೇ ಸ್ಥಳದಲ್ಲಿ ಮರಳಿ ಮರಳಿ ಏಳುತ್ತಿದ್ದರೆ ನೇತ್ರವೈದ್ಯರಿಗೆ ತೋರಿಸಬೇಕು. ಅಂತಹ ಗಂಟು ಅಪರೂಪಕ್ಕೆ ಅರ್ಬುದವಾಗಿರುವುದುಂಟು. ಪೊರೆಯ ಶಸ್ತ್ರಚಿಕಿತ್ಸೆಗೆ ಹೊರಟವರು ರೆಪ್ಪೆಯ ಉರಿಯನ್ನೂ ಗೀಜನ್ನೂ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ರೆಪ್ಪೆಯನ್ನು ಸರಿಪಡಿಸಿದ ಮೇಲೆಯೇ ಅವರು ಕಣ್ಣಿಗೆ ಶಸ್ತ್ರ ತಾಗಿಸಲು ಬಯಸುತ್ತಾರೆ.