ಚಿನ್ನದೂರಿನಲ್ಲಿ ವಜ್ರದ ಗೀರು

ಕೆಜಿಎಫ್ ಅಂದರೆ ಚಿನ್ನ. ಆ ಚಿನ್ನದ ಜಾಡು ಹಿಡಿಯುವಲ್ಲಿ ವಜ್ರದ ಪಾಲೂ ಇತ್ತು. ಚಿನ್ನ ಅಡಗಿದ್ದದ್ದು ಬೆಣಚುಕಲ್ಲಿನ ಪದರಗಳಲ್ಲಿ. ಅದಿರು ಎಲ್ಲಿಯವರೆಗೆ ಹಬ್ಬಿದೆಯೆಂದು ತಿಳಿಯಲು, ವಜ್ರದ ಚೂರು ಕೂರಿಸಿದ ಬಿಟ್‌ನಿಂದ ಬಂಡೆ ಕೊರೆದು ಕಲ್ಲಿನ ಮಾದರಿ ತೆಗೆಯುತ್ತಿದ್ದರು. 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅದೇ ವಜ್ರಕ್ಕೆ ಇನ್ನೊಂದು ನಯವಾದ ಕಸುಬೂ ಗೊತ್ತು: ಗಾಜಿನ ಮೇಲೆ ಚಿತ್ತಾರ ಬಿಡಿಸುವುದು.

ಗಡಸುತನದ ಮೋಸ್ ಮಾಪಕದಲ್ಲಿ ವಜ್ರಕ್ಕೆ 10, ಬೆಣಚುಕಲ್ಲಿಗೆ 7, ಗಾಜಿಗೆ ಸುಮಾರು 5.5. ಹಾಗಾಗಿ ಇಲ್ಲಿ ಬಲ ಬೇಡ, ಹಿಡಿತ ಬೇಕು. ಬಂಗಾರಪೇಟೆಯಿರಲಿ, ರಾಬರ್ಟ್‌ಸನ್‌ಪೇಟೆಯಿರಲಿ, ಗಾಜಿನ ಅಂಗಡಿಯವರು ಕಟರ್‌ನಿಂದ ಒಂದು ಗೀರೆಳೆದು ಗಾಜನ್ನು ಪಟ್ಟನೆ ಮುರಿಯುತ್ತಾರೆ. ಚಿತ್ತಾರದವರ ಗೀರು ಮುರಿಯುವಷ್ಟು ಆಳಕ್ಕೆ ಹೋಗುವುದಿಲ್ಲ, ಮೇಲ್ಮೈಯಲ್ಲೇ ನಿಲ್ಲುತ್ತದೆ.

ಕೆಲಸದ ಕ್ರಮ ಸರಳ. ಕಾಗದದ ಮೇಲೆ ಬರೆದ ಚಿತ್ರವನ್ನು ಗಾಜಿನ ಹಿಂಬದಿಗೆ ಅಂಟಿಸಿ, ಮುಂಬದಿಯಲ್ಲಿ ವಜ್ರದ ಮೊನೆಯಿಂದ ಗೆರೆ ಎಳೆಯಬೇಕು ಅಥವಾ ಚುಕ್ಕೆ ಕುಟ್ಟಬೇಕು. ಕೈಯಲ್ಲಿ ಹಿಡಿಯುವ ಕಡ್ಡಿಯೂ ಆಗುತ್ತದೆ, ವಿದ್ಯುತ್ತಿನಿಂದ ತಿರುಗುವ ಪುಟ್ಟ ಯಂತ್ರವೂ ಆಗುತ್ತದೆ. ಕಲಿಯುವವರಿಗೆ ತೊಡಕಾಗುವುದು ಲೆಕ್ಕ ತಿರುಗುಮುರುಗಾಗುವುದರಿಂದ. ಪೆನ್ಸಿಲ್ ನೆರಳನ್ನು ಬರೆಯುತ್ತದೆ, ವಜ್ರ ಬೆಳಕನ್ನು ಬರೆಯುತ್ತದೆ. ಗೀರಿದ ಜಾಗ ಬೆಳ್ಳಗೆ ಹೊಳೆಯುವುದರಿಂದ, ಕಪ್ಪಾಗಿ ಕಾಣಬೇಕಾದ ಭಾಗವನ್ನು ಮುಟ್ಟದೇ ಬಿಡಬೇಕು. ಹಿಂದೆ ಕಪ್ಪು ಬಟ್ಟೆ ಇಟ್ಟು ನೋಡಿದರೆ ಚಿತ್ರ ಎದ್ದು ಬರುತ್ತದೆ.

ಯುರೋಪಿನಲ್ಲಿ ಈ ಕಲೆ 16ನೇ ಶತಮಾನದ ವೆನಿಸ್‌ನಲ್ಲಿ ಕುದುರಿತು. 18ನೇ ಶತಮಾನದಲ್ಲಿ ಡಚ್ಚರ ಫ್ರಾನ್ಸ್ ಗ್ರೀನ್‌ವುಡ್ ಬರೀ ಚುಕ್ಕೆಗಳಿಂದಲೇ ಮದ್ಯದ ಲೋಟಗಳ ಮೇಲೆ ಮುಖಗಳನ್ನು ಮೂಡಿಸಿದ. ಇಂಗ್ಲೆಂಡಿನಲ್ಲಿ ಈ ಕಲೆಗೆ ಮರುಜೀವ ಕೊಟ್ಟವರು ಲಾರೆನ್ಸ್ ವಿಸ್ಲರ್. 1940ರಲ್ಲಿ ಬಾಂಬಿಗೆ ಸಿಕ್ಕ ಮೋರ್ಟನ್ ಚರ್ಚಿನ ಕಿಟಕಿಗಳಿಗೆ ಬಣ್ಣದ ಗಾಜಿನ ಬದಲು ಅವರು ಕೆತ್ತಿದ ಪಾರದರ್ಶಕ ಗಾಜುಗಳೇ ಬಂದವು.

ಕೆತ್ತನೆಗೆ ಕೂರುವವರು ಗಾಜನ್ನು ಒದ್ದೆಯಾಗಿಟ್ಟು, ಮುಖಕ್ಕೆ ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿಕೊಳ್ಳಬೇಕು. ಗಾಜಿನ ಹುಡಿ ಬೆಣಚುಕಲ್ಲಿನ ದೂಳಿನಷ್ಟು ಘಾತುಕವಲ್ಲದಿದ್ದರೂ ಉಸಿರಿಗೆ ಒಳ್ಳೆಯದಲ್ಲ. ಸಿಲಿಕೋಸಿಸ್‌ನಿಂದ ಕೆಮ್ಮಿದ ಗಣಿ ಕಾರ್ಮಿಕರನ್ನು ಕಂಡ ಮನೆಗಳಿಗೆ ದೂಳಿನ ಬಗ್ಗೆ ಪಾಠ ಬೇಕಿಲ್ಲ.

ಕೈ ಕುದುರುವವರೆಗೆ ಗುಜರಿಯ ಬಾಟಲಿ ಸಾಕು. ಟಫನ್ಡ್ ಗಾಜನ್ನು ಮಾತ್ರ ಮುಟ್ಟಬಾರದು. ಕಾಯಿಸಿ ಗಕ್ಕನೆ ತಣಿಸಿದ್ದರಿಂದ ಅದರೊಳಗೆ ಒತ್ತಡ ಕಟ್ಟಿಕೊಂಡಿರುತ್ತದೆ; ಗೀರು ಸ್ವಲ್ಪ ಆಳವಾದರೂ ಇಡೀ ಹಾಳೆ ಚೂರುಚೂರಾದೀತು. ಮೂರು ಕಿಲೋಮೀಟರಿಗೂ ಆಳಕ್ಕಿಳಿದ ಚಾಂಪಿಯನ್ ರೀಫ್ ಗಣಿಯಲ್ಲಿ, ಒತ್ತಡ ತಾಳದ ಬಂಡೆ ಹೀಗೆಯೇ ಸಿಡಿದು ಕಾರ್ಮಿಕರ ಜೀವ ತೆಗೆಯುತ್ತಿತ್ತು. ಕೊರೆಯುವ ಮೊದಲು ಒಳಗಿನ ಒತ್ತಡ ತಿಳಿದಿರಬೇಕು ಎಂಬ ಮಾತು ಬಂಡೆಗೂ ಸಲ್ಲುತ್ತದೆ, ಗಾಜಿಗೂ ಸಲ್ಲುತ್ತದೆ.