ದೇವರು ಇದ್ದಾನೋ ಇಲ್ಲವೋ: ಯಾರ ಪ್ರಶ್ನೆ?

ಭದ್ರಾವತಿಯಲ್ಲಿ ಓದುವಾಗ ಗೆಳೆಯರು ಸೇರಿದರೆ ಮಾತು ಕೊನೆಗೆ ದೇವರ ಹತ್ತಿರವೇ ಬಂದು ನಿಲ್ಲುತ್ತಿತ್ತು. ಆಸ್ತಿಕ, ನಾಸ್ತಿಕ, 'ಗೊತ್ತಿಲ್ಲ' ಎನ್ನುವ ಅಜ್ಞೇಯವಾದಿ. ಈ ಮೂವರಲ್ಲಿ ಯಾರದು ವಿವೇಕದ ನಿಲುವು? ನಾನು ನಾಸ್ತಿಕನಾದೆ. ಮನೆಗೆ ಬಂದು ಹೇಳಿದರೆ ಅವ್ವ, "ಗುಡಿ ಒಳಗೆ ಬಿಟ್ಕೊಂಡಿದ್ರೆ ತಾನೇ ನೀನು ಬಿಟ್ಟು ಬರೋದು?" ಅಂದಳು.

ತರ್ಕದ ಮಾತು ಮೊದಲು. ಇದ್ದಾನೆ ಎನ್ನುವವನೇ ಸಾಕ್ಷಿ ಕೊಡಬೇಕು, ಕೊಡದಿದ್ದರೆ ನಂಬಬೇಕಾಗಿಲ್ಲ. ಜಗತ್ತಿನ ಹಿಂದೆ ಏನೂ ಇಲ್ಲವೆಂದು ಸಾಧಿಸುವುದೂ ನನ್ನ ಕೈಲಾಗದು. ಅಷ್ಟರಮಟ್ಟಿಗೆ 'ಗೊತ್ತಿಲ್ಲ' ಎಂಬುದು ಪ್ರಾಮಾಣಿಕ ಮಾತು. ಆದರೆ ಹುಟ್ಟಿನಿಂದಲೇ ಮೇಲು ಕೀಳು ಮಾಡಿದ ದೇವರ ವಿಚಾರ ಬೇರೆ. ಅವನಿಗೆ ಸಾಕ್ಷಿ ನುಡಿಯುವವರು ಅವನಿಂದ ಲಾಭ ಪಡೆದವರೇ. ಅಲ್ಲಿ 'ಗೊತ್ತಿಲ್ಲ' ಅನ್ನುವುದು ವಿನಯವಲ್ಲ, ನುಣುಚಿಕೊಳ್ಳುವುದು.

ಹಾಗಾದರೆ ನಾಸ್ತಿಕನಾದರೆ ಸಾಕೆ? ಪೂರ್ವಮೀಮಾಂಸೆ ಸೃಷ್ಟಿಕರ್ತನನ್ನು ಒಪ್ಪುವುದಿಲ್ಲ. ವೇದ, ಯಜ್ಞಗಳನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ದೇವರು ಹೋದ, ವರ್ಣ ಉಳಿಯಿತು. ಶಿವಮೊಗ್ಗದಲ್ಲಿ ನಾನು ಬಾಡಿಗೆ ಮನೆ ಹುಡುಕುವಾಗ ದೇವರನ್ನೇ ನಂಬದ ಒಬ್ಬರು ಜಾತಿ ಕೇಳಿ ಬಾಗಿಲು ಹಾಕಿಕೊಂಡರು.

ನಮ್ಮ ಜಿಲ್ಲೆಯ ಚಂದ್ರಗುತ್ತಿಯನ್ನೇ ನೋಡಿ. 1986ರ ಮಾರ್ಚ್‌ನಲ್ಲಿ ಅಲ್ಲಿನ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು. ಆಮೇಲೆ ಸರ್ಕಾರ ಸೇವೆಯನ್ನು ನಿಷೇಧಿಸಿತು. ಭದ್ರಾವತಿಯಲ್ಲಿ ಕನ್ನಡ ಮೇಷ್ಟ್ರಾಗಿದ್ದ ಬಿ. ಕೃಷ್ಣಪ್ಪನವರು ಕಟ್ಟಿದ ದಲಿತ ಸಂಘರ್ಷ ಸಮಿತಿ ಈ ಹೋರಾಟದಲ್ಲಿತ್ತು. ರೇಣುಕಾಂಬೆ ಇದ್ದಾಳೋ ಇಲ್ಲವೋ ಎಂಬುದು ಅಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಅವಳ ಹೆಸರಲ್ಲಿ ಬೆತ್ತಲಾಗಬೇಕಾದವರು ಬಡವರ, ಕೆಳಜಾತಿಗಳ ಹೆಣ್ಣುಮಕ್ಕಳೇ ಯಾಕೆ ಎಂಬುದು ಪ್ರಶ್ನೆ.

ಲೋಕ ಶಾಶ್ವತವೋ ಅಶಾಶ್ವತವೋ ಎಂದು ಕೇಳಿದವನಿಗೆ ಬುದ್ಧ ಉತ್ತರ ಕೊಡಲಿಲ್ಲ. ಬಾಣ ನಾಟಿದವನು ಬಿಟ್ಟವನ ಕುಲಗೋತ್ರ ವಿಚಾರಿಸುತ್ತ ಕೂತರೆ ಸಾಯುತ್ತಾನೆ ಎಂದ. ಅಂಬೇಡ್ಕರ್ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದಾಗ ಆ ಮೌನವನ್ನಷ್ಟೇ ತೆಗೆದುಕೊಳ್ಳಲಿಲ್ಲ. ತಾವು ಬೋಧಿಸಿದ 22 ಪ್ರತಿಜ್ಞೆಗಳಲ್ಲಿ ಮೊದಲನೆಯದರಲ್ಲೇ ಬ್ರಹ್ಮ, ವಿಷ್ಣು, ಮಹೇಶ್ವರರನ್ನು ಹೆಸರು ಹಿಡಿದು ನಿರಾಕರಿಸಿದರು. ಮುಂದಿನ ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರೆಂದು ಹೇಳಿಸಿದರು. ನಿರಾಕರಣೆಯ ಜೊತೆಗೇ ಸಮಾನತೆ ಬಂದದ್ದರಿಂದ ಅದು ಮೀಮಾಂಸಕರ ನಾಸ್ತಿಕತೆಯಂತಲ್ಲ.

ನನಗೆ ವಿವೇಕವಾಗಿ ಕಾಣುವುದು ಇದೇ: ಕಾಣದ ಕೊನೆಯ ಬಗ್ಗೆ 'ಗೊತ್ತಿಲ್ಲ', ಜಾತಿಯ ದೇವರಿಗೆ 'ಇಲ್ಲ'. ಅವ್ವ ಈಗಲೂ ಮಾರಮ್ಮನಿಗೆ ದೀಪ ಹಚ್ಚುತ್ತಾಳೆ. ಅದನ್ನು ಆರಿಸೋ ಅವಸರ ನನಗಿಲ್ಲ. ಆದರೆ ಅದೇ ಮಾರಮ್ಮನ ಹೆಸರು ಹೇಳಿ ನಮ್ಮ ಕೇರಿಯ ಹುಡುಗಿಯೊಬ್ಬಳನ್ನು ಯಾರಾದರೂ ಕೇಳಲು ಬಂದ ದಿನ, 'ಗೊತ್ತಿಲ್ಲ' ಅನ್ನೋ ಮಾತು ನನ್ನ ಬಾಯಲ್ಲಿ ಬರಬಾರದು.