ಮಂದಗೊಳಿಸಬಹುದಾದ ಕೊಳವೆ ದೀಪಗಳು: ಅವುಗಳ ಆಯ್ಕೆಯೂ ಅಳವಡಿಕೆಯೂ

ದೀಪದ ಪ್ರಕಾಶವನ್ನು ಬೇಕಾದಾಗ ಹೆಚ್ಚಿಸಿ ಬೇಡವಾದಾಗ ತಗ್ಗಿಸುವ ಸಾಧನಗಳ ವಿಷಯವಾಗಿ ಮನೆಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಈಗ ಬಹಳ ವಿಚಾರಣೆ ನಡೆಯುತ್ತಿರುವುದಷ್ಟೆ. ಟ್ಯೂಬ್ ಲೈಟೆಂದು ನಾವೆಲ್ಲರೂ ಕರೆಯುವ ಕೊಳವೆ ದೀಪದ ಸಂಬಂಧದಲ್ಲಂತೂ ಒಂದಕ್ಕೊಂದು ಹೊಂದದ ಸಾಮಾನುಗಳನ್ನು ಕೊಂಡು ಹಣವನ್ನು ಕಳೆದುಕೊಳ್ಳುವವರು ಅನೇಕರಿದ್ದಾರೆ. ಹಳೆಯ ವಿದ್ಯಾರ್ಥಿನಿಯರು ಕೂಡಿಕೊಂಡು ತಾವು ಓದಿದ ಶಾಲೆಗೆ ದೀಪಗಳನ್ನು ಕಾಣಿಕೆಯಾಗಿ ಕೊಡುವುದು ಅಪರೂಪವಲ್ಲ. ಹಾಗೆ ಕೊಟ್ಟ ದೀಪವು ಎರಡು ಮೂರು ವರ್ಷಗಳೊಳಗೆ ಮೂಲೆಗೆ ಬಿದ್ದರೆ ಕೊಟ್ಟವರಿಗೂ ಪಡೆದವರಿಗೂ ವ್ಯಸನವೇ ಸರಿ. ಆದುದರಿಂದ ಈ ವಿಷಯವನ್ನು ಕೊಂಚ ವಿಸ್ತಾರವಾಗಿ ವಿವರಿಸಲು ಮನಸ್ಸುಮಾಡಿದ್ದೇವೆ.

ಬೆಂಗಳೂರಿನವರಾದ ನಮಗೆ ವಿದ್ಯುದ್ದೀಪವು ಹೊಸತಲ್ಲ. ೧೯೦೨ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುಚ್ಛಕ್ತಿಯು ೧೯೦೫ರಲ್ಲಿ ನಮ್ಮ ಪಟ್ಟಣದ ಬೀದಿಗಳನ್ನು ಬೆಳಗಿತು. ರಾಜಾಜಿನಗರದ ನೆರೆಯಲ್ಲಿಯೇ, ಮಲ್ಲೇಶ್ವರದ ಪಶ್ಚಿಮದ ಕಡೆಯಲ್ಲಿ, ೧೯೩೬ರಲ್ಲಿ ಸ್ಥಾಪಿತವಾದ ಮೈಸೂರು ಲ್ಯಾಂಪ್ ವರ್ಕ್ಸ್ ಕಾರ್ಖಾನೆಯು ನಾಡಿಗೆಲ್ಲ ಬಲ್ಬುಗಳನ್ನು ಒದಗಿಸಿ, ೨೦೦೩ರಲ್ಲಿ ಬಾಗಿಲು ಮುಚ್ಚಿತು. ಆ ಹೆಸರಿನ ದೀಪದ ಕೆಳಗೆ ಪಾಠ ಓದಿದವರು ನಮ್ಮ ವಾಚಕರಲ್ಲಿ ಬಹುಮಂದಿ ಇರಬೇಕು. ಕೊಳವೆ ದೀಪವು ಬಲ್ಬಿಗಿಂತ ಕಿರಿಯದು; ಅಮೇರಿಕದ ಅಂಗಡಿಗಳಿಗೆ ಅದು ಬಂದುದು ೧೯೩೮ರಲ್ಲಿ.

ಬಲ್ಬಿಗೂ ಕೊಳವೆಗೂ ಇರುವ ವ್ಯತ್ಯಾಸವನ್ನು ಅರಿಯದೆ ಮುಂದಿನ ಮಾತು ತಿಳಿಯದು. ಬಲ್ಬಿನಲ್ಲಿ ತಂತಿಯೊಂದು ಕಾದು ಬೆಳಗುತ್ತದೆ. ಅದಕ್ಕೆ ಹೋಗುವ ವಿದ್ಯುತ್ತನ್ನು ಕಡಮೆ ಮಾಡಿದರೆ ಬೆಳಕೂ ಕಡಮೆಯಾಗುವುದು. ಊದಿದಷ್ಟು ಉರಿಯುವ ಒಲೆಯ ಕೆಂಡದಂತೆ ಅದರ ರೀತಿ. ಕೊಳವೆಯ ರೀತಿ ಹಾಗಲ್ಲ. ಅದರ ಎರಡು ತುದಿಗಳಲ್ಲಿಯೂ ಸಣ್ಣ ತಂತಿಸುರುಳಿಗಳಿವೆ. ಅವು ಕಾದಾಗ ಅವುಗಳ ಮೇಲಣ ಲೇಪದಿಂದ ಎಲೆಕ್ಟ್ರಾನುಗಳು ಹೊರಟು, ಕೊಳವೆಯೊಳಗಿರುವ ಅತ್ಯಲ್ಪ ಪಾದರಸದ ಆವಿಯ ನಡುವೆ ಹರಿಯುತ್ತವೆ. ಆಗ ಆ ಆವಿಯಿಂದ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳು ಹೊರಡುತ್ತವೆ. ಗಾಜಿನ ಒಳಮೈಗೆ ಬಳಿದ ಬಿಳಿಯ ಪುಡಿಯು ಅವುಗಳನ್ನು ಹೀರಿ ಕಾಣುವ ಬೆಳಕನ್ನಾಗಿ ಹೊರಗೆ ಬಿಡುತ್ತದೆ. ಸ್ಟಾರ್ಟರು ಮೊದಲ ಕೆಲವು ಕ್ಷಣ ಮಾತ್ರ ಸುರುಳಿಗಳನ್ನು ಕಾಯಿಸಿ ತನ್ನ ಕೆಲಸವನ್ನು ಮುಗಿಸುವುದು. ಆಮೇಲೆ ಕೊಳವೆಯಲ್ಲಿ ಹರಿಯುವ ವಿದ್ಯುತ್ತೇ ಅವುಗಳನ್ನು ಬಿಸಿಯಾಗಿಡಬೇಕು. ಆ ಹರಿವು ಮಿತಿಮೀರದಂತೆ ತಡೆಹಿಡಿಯುವುದು ಚೋಕಿನ ಕೆಲಸ.

ಇಷ್ಟು ತಿಳಿದ ಮೇಲೆ, ಬಲ್ಬಿಗಾಗಿ ಮಾಡಿದ ಡಿಮ್ಮರನ್ನಾಗಲಿ ಫ್ಯಾನಿನ ರೆಗ್ಯುಲೇಟರನ್ನಾಗಲಿ ಕೊಳವೆ ದೀಪಕ್ಕೆ ಸೇರಿಸುವುದು ಏಕೆ ತರವಲ್ಲವೆಂಬುದು ತಾನಾಗಿ ಸ್ಪಷ್ಟವಾಗುವುದು. ಹರಿವನ್ನು ತಗ್ಗಿಸಿದರೆ ಸುರುಳಿಗಳು ತಣ್ಣಗಾಗುತ್ತವೆ. ತಣ್ಣಗಾದ ಸುರುಳಿಯಿಂದ ಎಲೆಕ್ಟ್ರಾನುಗಳನ್ನು ಬಲವಂತವಾಗಿ ಕೀಳಬೇಕಾಗುವುದರಿಂದ ಲೇಪವು ಸಿಡಿದುಹೋಗಿ ಕೊಳವೆಯ ತುದಿಗಳು ಕಪ್ಪಾಗುತ್ತವೆ. ದೀಪವು ಮಿಣಮಿಣನೆ ಮಿಟುಕಿ ಆರುವುದು. ಸಂಜೆ ವೋಲ್ಟೇಜು ಇಳಿದಾಗ ಹಳೆಯ ಟ್ಯೂಬು ಹತ್ತಲಾರದೆ ತವಕಪಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಡಿಮ್ಮರನ್ನು ಜೋಡಿಸಿದವರು ಅದೇ ಪೇಚಾಟವನ್ನು ಹಣ ಕೊಟ್ಟು ಮನೆಗೆ ತಂದುಕೊಂಡಂತಾಯಿತು.

ಹಾಗಾದರೆ ಕೊಳವೆ ದೀಪವನ್ನು ಮಂದಗೊಳಿಸುವುದು ಸಾಧ್ಯವೇ ಇಲ್ಲವೆ? ಉಂಟು. ಆದರೆ ಅದರ ಗುಟ್ಟು ಗೋಡೆಯ ಮೇಲಣ ಗುಂಡಿಯಲ್ಲಿಲ್ಲ, ಕೊಳವೆಯಲ್ಲಿಯೂ ಇಲ್ಲ; ಇವೆರಡರ ನಡುವಣ ಚೋಕಿನಲ್ಲಿದೆ. ಇದಕ್ಕೆಂದೇ ಮಾಡಿದ ಎಲೆಕ್ಟ್ರಾನಿಕ್ ಚೋಕು ಸುರುಳಿಗಳನ್ನು ಬೇರೆಯಾಗಿ ಕಾಯಿಸುತ್ತಲೇ ಇದ್ದು, ನಡುವಣ ಹರಿವನ್ನು ಮಾತ್ರ ತಗ್ಗಿಸುತ್ತದೆ. ಹೀಗಾಗಿ ಬೆಳಕನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಿದರೂ ದೀಪವು ಆರದು. ನಮ್ಮ ಕಣ್ಣಿನ ಸ್ವಭಾವವು ವಿಚಿತ್ರವಾದುದರಿಂದ, ಅಳತೆಯಲ್ಲಿ ಹತ್ತರಲ್ಲಿ ಒಂದಾದ ಬೆಳಕು ನೋಟಕ್ಕೆ ಸುಮಾರು ಮೂರರಲ್ಲಿ ಒಂದಾಗಿ ತೋರುವುದು. ಸುರುಳಿಗಳ ಕಾವಿಗೆ ಶಕ್ತಿಯು ಖರ್ಚಾಗುತ್ತಲೇ ಇರುವ ಕಾರಣ, ಬೆಳಕು ಇಳಿದಷ್ಟು ಬಿಲ್ಲು ಇಳಿಯುವುದಿಲ್ಲವೆಂಬುದನ್ನೂ ನೆನಪಿನಲ್ಲಿಡಬೇಕು. ಇನ್ನೊಂದು ಮಾತು: ಮಂದಗೊಳಿಸಿದ ಬಲ್ಬು ಎಣ್ಣೆಯ ಹಣತೆಯಂತೆ ಕೆಂಪೇರುವುದು, ಕೊಳವೆಯಾದರೋ ಮೊದಲಿನ ಬಣ್ಣವನ್ನು ಬಹುಮಟ್ಟಿಗೆ ಉಳಿಸಿಕೊಳ್ಳುವುದು. ಹಣತೆಯ ಸೊಬಗನ್ನು ಬಯಸಿ ನೀಲಿಬಿಳುಪಿನ ಕೊಳವೆಯನ್ನು ಮಂದಗೊಳಿಸಿದವರಿಗೆ ಮೋಡ ಮುಸುಕಿದ ಸಂಜೆಯ ಬೂದು ಬೆಳಕೇ ಲಭಿಸುವುದು.

ಕಬ್ಬಿಣದ ಚೋಕಿನ ದೀಪವು ಒಂದು ಸೆಕೆಂಡಿಗೆ ೧೦೦ ಸಾರಿ ಏರಿ ಇಳಿಯುತ್ತದೆ. ನಮ್ಮ ವಿದ್ಯುತ್ತು ಸೆಕೆಂಡಿಗೆ ೫೦ ಆವರ್ತಗಳದ್ದಾದುದೇ ಇದಕ್ಕೆ ಕಾರಣ. ಇದು ಕೇವಲ ಕಣ್ಣಿನ ಆಯಾಸದ ಮಾತಲ್ಲ. ರಾಜಾಜಿನಗರ, ಕಾಮಾಕ್ಷಿಪಾಳ್ಯದ ಕಡೆಗಳಲ್ಲಿ ಲೇತು ನಡೆಯಿಸುವ ಸಣ್ಣ ಕಾರ್ಖಾನೆಗಳು ಬಹಳವಿವೆ. ನಮ್ಮ ಮಕ್ಕಳ ತಂದೆಯಂದಿರಲ್ಲಿ ಅಲ್ಲಿ ದುಡಿಯುವವರೂ ಉಂಟು. ನಾಲ್ಕು ಹಿಡಿಗಳ ಚಕ್ಕು ಮಿನಿಟಿಗೆ ೧೫೦೦ ಸುತ್ತು ತಿರುಗಿದರೆ, ಅದರ ಹಿಡಿಗಳು ಸೆಕೆಂಡಿಗೆ ಸರಿಯಾಗಿ ೧೦೦ ಸಾರಿ ಒಂದೇ ಸ್ಥಾನವನ್ನು ದಾಟುವುದರಿಂದ, ಅಂತಹ ದೀಪದ ಕೆಳಗೆ ತಿರುಗುವ ಚಕ್ಕು ನಿಂತಂತೆ ತೋರಬಹುದು. ನಿಂತಿದೆಯೆಂದು ಕೈಯಿಟ್ಟವನ ಗತಿಯೇನು! ಎಲೆಕ್ಟ್ರಾನಿಕ್ ಚೋಕು ಸೆಕೆಂಡಿಗೆ ೨೦,೦೦೦ಕ್ಕೂ ಮೇಲ್ಪಟ್ಟ ಆವರ್ತಗಳಲ್ಲಿ ಕೆಲಸ ಮಾಡುವುದರಿಂದ ಈ ಭ್ರಮೆಯು ಬಹುಮಟ್ಟಿಗೆ ತಪ್ಪುತ್ತದೆ. ಮಂದಗೊಳಿಸುವ ಆಸೆಯಿಲ್ಲದವರೂ ಈ ಒಂದು ಕಾರಣಕ್ಕಾಗಿ ಕಬ್ಬಿಣದ ಚೋಕನ್ನು ಬಿಡುವುದು ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಇನ್ನು ಪಾಠಶಾಲೆಯ ಕೊಠಡಿಯ ವಿಚಾರ. ಮಂದ ದೀಪದ ನಿಜವಾದ ಪ್ರಯೋಜನವು ಇಲ್ಲಿಯೇ ಉಂಟು. ಸಾಮಾನ್ಯವಾಗಿ ಕಿಟಕಿಗಳು ಒಂದು ಪಕ್ಕದಲ್ಲಿರುತ್ತವೆ. ಕಿಟಕಿಯ ಬಳಿಯ ಬೆಂಚಿಗೆ ಹಗಲು ಬೆಳಕು ಸಾಕಷ್ಟಿರುವಾಗ ಗೋಡೆಯ ಬಳಿಯ ಹುಡುಗಿ ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿಯುತ್ತಾಳೆ. ಆಷಾಢದ ಮೋಡವಂತೂ ಗಂಟೆಗೊಂದು ಬಗೆ. ಓದುವ ಮೇಜಿನ ಮೇಲೆ ಸುಮಾರು ೩೦೦ ಲಕ್ಸಿನಷ್ಟು ಬೆಳಕಿರುವುದು ಯುಕ್ತ. ಆದುದರಿಂದ ದೀಪಗಳ ಸಾಲುಗಳು ಕಿಟಕಿಯ ಗೋಡೆಗೆ ಸಮಾನವಾಗಿ ಉದ್ದುದ್ದಕ್ಕೆ ಇರಬೇಕು. ಪ್ರತಿಯೊಂದು ಸಾಲಿಗೂ ಬೇರೆ ಸ್ವಿಚ್ಚು, ಬೇರೆ ಡಿಮ್ಮರು ಬೇಕು. ಕಿಟಕಿಯ ಕಡೆಯ ಸಾಲನ್ನು ಇಳಿಸಿ, ಒಳಗಡೆಯದನ್ನು ಏರಿಸಿದರೆ ಎಲ್ಲ ಬೆಂಚುಗಳಿಗೂ ಹೆಚ್ಚುಕಡಮೆ ಒಂದೇ ಬೆಳಕು ದೊರೆಯುವುದು. ತಂತಿ ಎಳೆಯುವವರು ಸಾಮಾನು ಉಳಿಯಲೆಂದು ಮುಂದಿನೆರಡಕ್ಕೊಂದು, ಹಿಂದಿನೆರಡಕ್ಕೊಂದು ಸ್ವಿಚ್ಚು ಹಾಕಿ ಹೋಗುವ ವಾಡಿಕೆಯುಂಟು. ಆಮೇಲೆ ಎಂತಹ ಬೆಲೆಬಾಳುವ ಡಿಮ್ಮರನ್ನು ತಂದರೂ ಪ್ರಯೋಜನವಿಲ್ಲ. ಕಪ್ಪು ಹಲಗೆಯ ದೀಪವು ಇವೆಲ್ಲದರಿಂದ ಪ್ರತ್ಯೇಕವಾಗಿರತಕ್ಕದ್ದು.

ಮನೆಗಳಲ್ಲಿ ಬೇರೊಂದು ಪರಿ. ಬಸವೇಶ್ವರನಗರ, ವಿಜಯನಗರಗಳಲ್ಲಿ ಮೂವತ್ತು-ನಲವತ್ತರ ನಿವೇಶನದಲ್ಲಿ ಗೋಡೆಗೆ ಗೋಡೆ ತಾಗುವಂತೆ ಕಟ್ಟಿದ ಮನೆಯ ನಡುಕೋಣೆಗೆ ಹಗಲಿನಲ್ಲಿಯೂ ದೀಪವೇ ಗತಿ. ಅಲ್ಲಿ ಎಸ್.ಎಸ್.ಎಲ್.ಸಿ. ಓದುವ ಮಗಳು ಒಂದು ಮೂಲೆಯಲ್ಲಿ, ಮಲಗುವ ಅಜ್ಜಿ ಇನ್ನೊಂದು ಮೂಲೆಯಲ್ಲಿ. ಕೋಣೆಯ ದೀಪವನ್ನು ಅಜ್ಜಿಗಾಗಿ ಮಂದಗೊಳಿಸಿ ಮಗಳನ್ನು ಆ ಅರೆಗತ್ತಲಲ್ಲಿ ಓದಿಸಬಾರದು. ಅವಳಿಗೆ ಪ್ರತ್ಯೇಕವಾಗಿ ಮೇಜಿನ ದೀಪವನ್ನು ಕೊಡುವುದು ಡಿಮ್ಮರಿಗಿಂತ ಅಗ್ಗ, ಕಣ್ಣಿಗೂ ಹಿತ.

ಅಳವಡಿಸುವಾಗ ಗಮನಿಸಬೇಕಾದವುಗಳನ್ನು ಹೇಳೋಣ. ಕೊಳವೆ, ಚೋಕು, ಡಿಮ್ಮರು ಮೂರೂ ಒಂದಕ್ಕೊಂದು ಹೊಂದುವುವೆಂದು ತಯಾರಕರ ಬರಹದಲ್ಲಿ ಕಂಡುಬಂದ ಮೇಲೆಯೇ ಹಣ ಕೊಡಬೇಕು. ದಪ್ಪ ಕೊಳವೆಯ ಚೋಕಿಗೆ ಸಣ್ಣ ಕೊಳವೆ ಸಲ್ಲದು. ಸುರುಳಿಗಳನ್ನು ಸದಾ ಕಾಯಿಸಬೇಕಾದುದರಿಂದ ಕೊಳವೆಯ ಪ್ರತಿ ತುದಿಗೂ ಎರಡೆರಡು ತಂತಿಗಳು ಬೇರೆ ಬೇರೆಯಾಗಿ ಬರಬೇಕು. ಗುಂಡಿಯಿಂದ ಚೋಕಿಗೆ ಹೋಗುವ ಅಲ್ಪವೋಲ್ಟಿನ ಎರಡು ತಂತಿಗಳನ್ನು ಮನೆಯ ವಿದ್ಯುತ್ತಿನ ತಂತಿಗೆ ಎಂದಿಗೂ ಸೇರಿಸಬಾರದು. ಸೇರಿಸಿದರೆ ಚೋಕು ಸುಟ್ಟುಹೋಗುವುದು. ಈ ಬಗೆಯ ಗುಂಡಿಗಳಲ್ಲಿ ಅನೇಕವು ಬೆಳಕನ್ನು ಇಳಿಸುವುವಲ್ಲದೆ ಪೂರ್ತಿಯಾಗಿ ಆರಿಸಲಾರವು, ಆದುದರಿಂದ ಸ್ವಿಚ್ಚು ಬೇರೆಯಾಗಿರಲಿ. ಲೋಹದ ಪಟ್ಟಿಗೆ ಅರ್ತಿಂಗ್ ತಪ್ಪದೆ ಇರಬೇಕು. ಹೊಸ ಕೊಳವೆಯನ್ನು ಮೊದಲ ೧೦೦ ಗಂಟೆಗಳ ಕಾಲ ಪೂರ್ಣಪ್ರಕಾಶದಲ್ಲಿಯೇ ಉರಿಸಬೇಕೆಂದು ಕೆಲವು ತಯಾರಕರು ಹೇಳುತ್ತಾರೆ. ಅದರಿಂದ ನಷ್ಟವೇನೂ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ಕಾಣಿಕೆ ಕೊಡುವವರಿಗೆ ಮುಖ್ಯವಾದ ಒಂದು ಸಂಗತಿಯನ್ನು ಮರೆಮಾಡಲಾಗದು. ಪಾದರಸದ ಕೆಡಕನ್ನು ತಡೆಯಲು ರಾಷ್ಟ್ರಗಳು ಮಾಡಿಕೊಂಡ ಮಿನಮಾಟ ಒಪ್ಪಂದಕ್ಕೆ ಭಾರತವೂ ೨೦೧೮ರಲ್ಲಿ ಸೇರಿತು. ೨೦೨೩ರಲ್ಲಿ ಜಿನೀವಾದಲ್ಲಿ ಕೂಡಿದ ಸಭೆಯು, ಉದ್ದ ಕೊಳವೆ ದೀಪಗಳಲ್ಲಿ ಹಳೆಯ ಬಗೆಯ ಪುಡಿಯವುಗಳ ತಯಾರಿಕೆ ಮತ್ತು ಆಮದು ರಫ್ತುಗಳನ್ನು ೨೦೨೬ರ ಕೊನೆಗೂ, ಹೊಸ ಬಗೆಯ ಪುಡಿಯವುಗಳದ್ದನ್ನು ೨೦೨೭ರ ಕೊನೆಗೂ ನಿಲ್ಲಿಸಬೇಕೆಂದು ಗೊತ್ತುಮಾಡಿದೆ. ಆದುದರಿಂದ ಮಂದಗೊಳಿಸುವ ಕೊಳವೆ ದೀಪಗಳು ಈಗಾಗಲೇ ಇರುವ ಕಟ್ಟಡದವರು ಅವುಗಳನ್ನು ಜೋಪಾನವಾಗಿ ಬಳಸಲಿ. ಹೊಸದಾಗಿ ಹಾಕಿಸುವವರು ಎಲ್‌ಇಡಿ ದೀಪಗಳನ್ನೇ ಆರಿಸಲಿ. ಹಳೆಯ ೪೦ ವಾಟಿನ ಕೊಳವೆಯು ಕಬ್ಬಿಣದ ಚೋಕಿನೊಡನೆ ಸುಮಾರು ೫೦ ವಾಟನ್ನು ನುಂಗಿದರೆ, ಅದರ ಸ್ಥಾನಕ್ಕೆ ೨೦ ವಾಟಿನ ಎಲ್‌ಇಡಿ ಸಾಕಾಗುವುದು. ಆದರೆ ಇಲ್ಲಿಯೂ ಹಿಂದಿನ ಎಚ್ಚರಿಕೆಯೇ: ಎಲ್ಲ ಎಲ್‌ಇಡಿಗಳೂ ಮಂದವಾಗುವುದಿಲ್ಲ. ಹಾಗೆಂದು ಡಬ್ಬದ ಮೇಲೆ ಬರೆದಿರಬೇಕು. ಡಿಮ್ಮರು ಅದಕ್ಕೆ ಒಪ್ಪುವಂತಹದಾಗಿರಬೇಕು. ಹಳೆಯ ಪಟ್ಟಿಯಲ್ಲಿಯೇ ಎಲ್‌ಇಡಿ ಕೊಳವೆಯನ್ನು ಕೂಡಿಸುವುದಾದರೆ, ಚೋಕು ಸ್ಟಾರ್ಟರುಗಳನ್ನು ತೆಗೆಯಬೇಕೇ ಇಡಬೇಕೇ ಎಂಬುದು ಕೊಳವೆಯ ಬಗೆಯನ್ನು ಅವಲಂಬಿಸಿದೆ. ಅದರೊಡನೆ ಬರುವ ನಕ್ಷೆಯನ್ನು ನೋಡದೆ ಕೈಹಾಕಕೂಡದು. ಕೊಳ್ಳುವ ಮುನ್ನ ಅಂಗಡಿಯಲ್ಲಿಯೇ ಒಂದನ್ನು ಹತ್ತಿಸಿ, ಮಂದಗೊಳಿಸಿ, ಮೊಬೈಲಿನ ಕ್ಯಾಮೆರಾದಿಂದ ನೋಡಿರಿ. ದಟ್ಟ ಪಟ್ಟೆಗಳು ಓಡುತ್ತಿದ್ದರೆ ಅದು ಕಣ್ಣಿಗೆ ಕಾಣದಂತೆ ಮಿಟುಕುತ್ತಿದೆಯೆಂದು ತಿಳಿದು ಬೇರೊಂದನ್ನು ಕೇಳಿರಿ.

ತೆಗೆದ ಹಳೆಯ ಕೊಳವೆಗಳನ್ನು ಬೀದಿಯ ತೊಟ್ಟಿಗೆ ಒರಗಿಸಿ ಬರುವುದು ಸಲ್ಲದು. ಹುಡುಗರು ಅವುಗಳನ್ನು ಕತ್ತಿಗಳಂತೆ ಹಿಡಿದು ಹೊಡೆದಾಡಿ ಒಡೆಯುವುದನ್ನು ಕೆಂಗೇರಿಯಿಂದ ರಾಜಾಜಿನಗರದವರೆಗೆ ಎಲ್ಲ ಓಣಿಗಳಲ್ಲಿಯೂ ಕಾಣಬಹುದು. ಅಕಸ್ಮಾತ್ತಾಗಿ ಮನೆಯೊಳಗೆ ಒಡೆದರೆ, ಕಿಟಕಿಗಳನ್ನು ತೆರೆದು ಹತ್ತು ಮಿನಿಟು ಹೊರಗಿರಬೇಕು. ಪೊರಕೆಯಿಂದ ಗುಡಿಸದೆ ಗಟ್ಟಿ ಕಾಗದದಿಂದ ಚೂರುಗಳನ್ನು ಒಟ್ಟುಮಾಡಿ, ಒದ್ದೆ ಕಾಗದದಿಂದ ನೆಲವನ್ನು ಒರಸಿ, ಎಲ್ಲವನ್ನೂ ಮುಚ್ಚಳವಿರುವ ಡಬ್ಬದಲ್ಲಿ ಹಾಕಬೇಕು. ಒಡೆಯದ ಕೊಳವೆಗಳನ್ನು ಹೊಸದು ಬಂದ ರಟ್ಟಿನ ಕೋಶದಲ್ಲಿಯೇ ಸೇರಿಸಿಟ್ಟು, ಅಧಿಕೃತವಾಗಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು.